ಎಂಜಲಿಲ್ಲದ ಲಕೋಟೆ

ಸೋಮವಾರ ಬೆಳಿಗ್ಗೆ ಹತ್ತೂಕಾಲಕ್ಕೆ ಠಾಣೆಗೆ ಬಂದ ದೂರು ಯಾರ ಮೇಲಿನದು ಎಂಬುದೇ ಇನ್ಸ್‌ಪೆಕ್ಟರ್‌ನ ತಲೆಗೆ ಮೊದಲು ಹೋಗಲಿಲ್ಲ.

“ಯಾರ ಮೇಲಮ್ಮಾ ಕಂಪ್ಲೇಂಟು?”

“ಈ ಚೀಟಿ ಮೇಲೆ ಸಾರ್.”

ಮೇಜಿನ ಮೇಲೆ ಬಂದು ಬಿದ್ದದ್ದು ವಿಶ್ವವಿದ್ಯಾಲಯದ ವಿಧಿವಿಜ್ಞಾನ ಶಿಕ್ಷಣ ಮತ್ತು ಡಿಎನ್‌ಎ ಪರೀಕ್ಷಾ ಕೇಂದ್ರದ ವರದಿ. ಮುಚ್ಚಿದ ಕಲ್ಲುಕ್ವಾರಿಯ ನೀರಿನಲ್ಲಿ ಸಿಕ್ಕ ಮೂಳೆಗಳಿಗೂ ಈ ಹೆಂಗಸಿಗೂ ತಾಯಿ-ಮಗನ ಸಂಬಂಧವಿಲ್ಲ ಎಂದು ಅದರಲ್ಲಿ ಖಡಾಖಂಡಿತವಾಗಿ ಬರೆದಿತ್ತು. ಹೆಂಗಸು ಬಸ್ ನಿಲ್ದಾಣದ ಪಕ್ಕ ಹೊಲಿಗೆ ಮಿಷನ್ ಇಟ್ಟುಕೊಂಡು ಹರಿದದ್ದು, ಬಿಚ್ಚಿದ್ದು ಹೊಲಿದುಕೊಡುವವಳು. ಅಳತೆಯ ಟೇಪು ಕೊರಳಲ್ಲೇ ಇತ್ತು. ತೆಗೆದಿಟ್ಟು ಬರಬೇಕೆಂಬ ಪರಿವೆಯೂ ಇರಲಿಲ್ಲ ಆಕೆಗೆ.

“ಅವನು ನನ್ನ ಮಗಾನೇ ಸಾರ್. ಮೂಳೆ ಜೊತೆ ಸಿಕ್ಕ ಅಂಗಿಯ ಮೂರನೇ ಗುಂಡಿ ನಾನೇ ಹಾಕಿದ್ದು. ಉಳಿದವಕ್ಕೆಲ್ಲ ನಾಲ್ಕು ತೂತು, ಅದೊಂದಕ್ಕೆ ಎರಡು. ಸರಿಯಾದ್ದು ಸಿಗಲಿಲ್ಲ, ಇವತ್ತಿಗೆ ಹಾಕ್ಕೊಂಡು ಹೋಗು ಅಂದಿದ್ದೆ.”

“ಎರಡು ತೂತಿನ ಗುಂಡಿ ಊರ ತುಂಬ ಇರುತ್ತಮ್ಮಾ.”

“ನನ್ನ ಕೈ ಹೊಲಿಗೆ ಊರ ತುಂಬ ಇರಲ್ಲ.”

ಇನ್ಸ್‌ಪೆಕ್ಟರ್ ಹಣೆ ಉಜ್ಜಿಕೊಂಡ. ಶವಾಗಾರದ ಬಾಗಿಲಲ್ಲಿ ಅವನು ಕಂಡ ತಾಯಂದಿರೆಲ್ಲ ಹೇಳುತ್ತಿದ್ದದ್ದು ಒಂದೇ ಮಾತು: ಇವನು ನಮ್ಮವನಲ್ಲ, ನಮ್ಮವನು ಎಲ್ಲೋ ಇದ್ದಾನೆ, ಬರ್ತಾನೆ. ಈಕೆ ನೋಡಿದರೆ ಸರ್ಕಾರದ ಮೊಹರು ಬಿದ್ದ ಕಾಗದವೇ ‘ಇವನಲ್ಲ’ ಅಂದರೂ ‘ಇವನೇ’ ಎಂದು ಪಟ್ಟು ಹಿಡಿದು ಕೂತಿದ್ದಳು.

“ಇವನಲ್ಲ ಅಂದ್ರೆ ಒಳ್ಳೇದೇ ಅಲ್ವೇನಮ್ಮಾ? ಎಲ್ಲಾದ್ರೂ ಬದುಕಿರಬಹುದು.”

“ನಿಮಗೆ ಒಳ್ಳೇದು ಸಾರ್. ಅವನು ಹೋದಾಗಿಂದ ನಾನು ರೆಪ್ಪೆ ಮುಚ್ಚಿಲ್ಲ. ಗೇಟು ಕಿರ್ ಅಂದ್ರೆ ಎದ್ದು ಕೂರ್ತೀನಿ. ಗಾಳಿಗೂ ಕಿರ್ ಅನ್ನುತ್ತೆ ಆ ಹಾಳು ಗೇಟು. ಆ ಕೇಂದ್ರಕ್ಕೂ ಹೋಗಿ ಬೇಗ ಹೇಳಿ ಅಂತ ಕೇಳ್ಕೊಂಡು ಬಂದಿದ್ದೆ. ಅಲ್ಲೊಬ್ಬರು ಮೇಷ್ಟ್ರು, ಪಾಪ, ಕೂರಿಸಿ ನೀರು ಕೊಟ್ಟು ಮಾತಾಡಿಸಿದ್ರು. ಕೊನೆಗೆ ನೋಡಿದ್ರೆ ಹಿಂಗೆ ಬರೆದು ಕಳ್ಸಿದಾರೆ.” ಆಕೆ ಮುಂದಕ್ಕೆ ಬಾಗಿದಳು. “ಶುಕ್ರವಾರ ಹೂಳ್ತಾರಂತೆ. ವಾರಸುದಾರರಿಲ್ಲದ ಹೆಣ ಅಂತ. ನಾನು ಗುಂಡುಕಲ್ಲಿನ ಹಾಗೆ ಬದುಕಿದೀನಿ, ಅವನಿಗೆ ವಾರಸುದಾರರಿಲ್ಲವಂತೆ!”

ಹನ್ನೊಂದೂವರೆಗೆ ಎಫ್‌ಐಆರ್ ದಾಖಲಾಯಿತು. ಸಾಕ್ಷ್ಯ ತಿರುಚಿದ ಶಂಕೆ, ಆರೋಪಿ ಅಪರಿಚಿತ. ಹನ್ನೆರಡಕ್ಕೆಲ್ಲ ಮೇಲಧಿಕಾರಿಯ ಫೋನು.

“ಏನಯ್ಯಾ, ವಿಜ್ಞಾನದ ಮೇಲೇ ಎಫ್‌ಐಆರ್ ಹಾಕಿದ್ದೀಯಂತೆ? ನಾಳೆ ಗುರುತ್ವಾಕರ್ಷಣೇನ ಅರೆಸ್ಟ್ ಮಾಡ್ತೀಯಾ?”

“ಇಲ್ಲ ಸಾರ್.”

“ಏನಿಲ್ಲ?”

“ಸದ್ಯಕ್ಕೆ ಉದ್ದೇಶ ಇಲ್ಲ ಸಾರ್.”

ಅಲ್ಲಿಂದ ಶುರುವಾಯಿತು ನೋಡಿ ಪಡಿಪಾಟಲು. ತಾಯಿಯ ಕೆನ್ನೆಯ ಒಳಗಿಂದ ಇನ್ನೊಮ್ಮೆ ಹತ್ತಿಕಡ್ಡಿ ಸವರಿಕೊಂಡು ಪರೀಕ್ಷೆ ಮಾಡಿ ಎಂದರೆ, ಒಮ್ಮೆ ವರದಿ ಕೊಟ್ಟ ಪ್ರಕರಣದಲ್ಲಿ ಮರುಪರೀಕ್ಷೆಗೆ ನ್ಯಾಯಾಲಯದ ಆದೇಶ ಬೇಕು ಎಂದಿತು ಕೇಂದ್ರ. ನ್ಯಾಯಾಲಯಕ್ಕೆ ಓಡಿದರೆ ಅರ್ಜಿ ಮಂಗಳವಾರಕ್ಕೆ, ಮಂಗಳವಾರ ಓಡಿದರೆ ಮುಂದಿನ ಸೋಮವಾರಕ್ಕೆ. ಶವಾಗಾರದವನು ಜಾಗ ಇಲ್ಲ ಸಾರ್, ಶುಕ್ರವಾರ ಹತ್ತು ಗಂಟೆಗೆ ಗಾಡಿ ಬರುತ್ತೆ, ಕೈಯಲ್ಲಿ ಕಾಗದ ಇದ್ರೆ ತೋರ್ಸಿ ಎಂದ. ಕಾಗದವೇ ಇದ್ದಿದ್ದರೆ ಇವನ ಮುಂದೆ ಯಾಕೆ ನಿಲ್ಲುತ್ತಿದ್ದ! ಒಬ್ಬರನ್ನು ಕೇಳಿದರೆ ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಇನ್ಸ್‌ಪೆಕ್ಟರ್‌ಗೆ ಮೈಯೆಲ್ಲ ಪರಚಿಕೊಳ್ಳುವ ಹಾಗಾಯಿತು.

ಇದರಿಂದ ಯಾರಿಗೆ ಲಾಭ ಎಂದು ಹುಡುಕಿದರೆ ಅಲ್ಲೂ ಸೊನ್ನೆ. ಆಕೆಯ ಮಗ ಬಸ್ ಡಿಪೋದಲ್ಲಿ ಬಣ್ಣ ಬಳಿಯುತ್ತಿದ್ದ. ಶತ್ರುಗಳಿಲ್ಲ, ವಿಮೆಯಿಲ್ಲ, ಆಸ್ತಿಯಿಲ್ಲ. ಕ್ವಾರಿಗೆ ವರ್ಷಗಳಿಂದ ಮಾಲೀಕನೇ ಇಲ್ಲ. ಕಾಲು ಜಾರಿ ಬಂಡೆಗೆ ತಲೆ ಬಡಿದು ನೀರಿಗೆ ಬಿದ್ದಿದ್ದಾನೆಂದು ವೈದ್ಯರ ವರದಿಯೇ ಹೇಳುತ್ತಿತ್ತು. ಅವನು ಅವನೇ ಅಲ್ಲ ಎಂದು ಸಾಧಿಸಿ ಯಾವ ಪುಣ್ಯಾತ್ಮ ಏನು ಗಿಟ್ಟಿಸಿಕೊಳ್ಳಬೇಕು?

ಇದು ಸಾಲದೆಂಬಂತೆ ಬುಧವಾರ ಬೆಳಿಗ್ಗೆ ಕೇಂದ್ರದಿಂದ ಪತ್ರ ಬಂತು: ತಪ್ಪಾಗಿದ್ದರೆ ಅದು ಠಾಣೆಯಲ್ಲೇ ಆಗಿರಬೇಕು, ಮಾದರಿ ತಂದ ಹೆಡ್ ಕಾನ್‌ಸ್ಟೇಬಲ್ ಬೇರೆಯವರ ಕಡ್ಡಿ ತಂದಿರಬೇಕು. ಪತ್ರದ ಪ್ರತಿ ಮೇಲಧಿಕಾರಿಗೂ ಹೋಗಿತ್ತು. ಹೆಡ್ ಕಾನ್‌ಸ್ಟೇಬಲ್ ಕೈಗೆ ಮಧ್ಯಾಹ್ನದೊಳಗೆ ನೋಟಿಸು.

ಅವನನ್ನು ಠಾಣೆಯಲ್ಲಿ ಎಲ್ಲರೂ ಕರೆಯುವುದು ಗೋಂದಣ್ಣ ಎಂದು. ಲಕೋಟೆ ಕಂಡರೆ ಸಾಕು, ನಾಲಿಗೆ ತಾನಾಗಿ ಹೊರಗೆ ಬರುತ್ತದೆ. ಸಮನ್ಸಾಗಲಿ, ಶುಭಾಶಯ ಪತ್ರವಾಗಲಿ, ಒಂದೇ ಸಲ ಆ ತುದಿಯಿಂದ ಈ ತುದಿಗೆ ನೆಕ್ಕಿ, ಅಂಗೈಯಿಂದ ಒತ್ತಿಬಿಡುತ್ತಾನೆ.

“ಆಯಮ್ಮನ ಕಡ್ಡೀನೇ ಸಾರ್ ನಾನು ಕೊಟ್ಟಿದ್ದು,” ಎಂದು ಗೋಂದಣ್ಣ ನೋಟಿಸನ್ನು ಮೇಜಿನ ಮೇಲಿಟ್ಟ. “ಡಾಕ್ಟ್ರು ಕಣ್ಣೆದುರೇ ಸವರಿದ್ರು. ಒಳಗಿನ ಲಕೋಟೆ ನಾನೇ ಅಂಟ್ಸಿದೆ, ಮೇಲಿನದಕ್ಕೆ ಅರಗು ಹಾಕಿ ಸೀಲ್ ಒತ್ತಿದ್ರು. ಬಸ್ಸಲ್ಲೂ ತೊಡೆ ಮೇಲಿಂದ ಕೆಳಗಿಟ್ಟಿಲ್ಲ. ಇಷ್ಟು ವರ್ಷ ಮಣ್ಣು ಹೊತ್ತಿದ್ದಕ್ಕೆ ಇದಾ ಸಾರ್ ಮರ್ಯಾದೆ?”

“ಬಾಯಿ ಮುಚ್ಚಿ ಜೀಪು ಹತ್ತು,” ಎಂದ ಇನ್ಸ್‌ಪೆಕ್ಟರ್. ಸಿಟ್ಟು ಗೋಂದಣ್ಣನ ಮೇಲಲ್ಲ, ಆದರೆ ಕೈಗೆ ಸಿಕ್ಕವನು ಅವನೇ.

ಕೇಂದ್ರದ ಕಟ್ಟಡದಲ್ಲಿ ಒಂದು ಕಡೆ ಪ್ರಯೋಗಾಲಯ, ಇನ್ನೊಂದು ಕಡೆ ತರಗತಿಗಳು. ನಡುವೆ ಗಾಜಿನ ಗೋಡೆಯ ಒಂದು ಕೋಣೆ. ಅದರಲ್ಲಿ ಸೋಫಾ, ಮುರಿದ ಹೂದಾನಿ, ನೆಲದ ಮೇಲೆ ಬಟ್ಟೆಯಂಗಡಿಯ ಒಂದು ಬೊಂಬೆ. ವಿದ್ಯಾರ್ಥಿಗಳು ಅದನ್ನು ‘ಸುಳ್ಳುಮನೆ’ ಎನ್ನುತ್ತಾರೆ. ಪ್ರತಿ ವರ್ಷದ ತಂಡದವರೂ ಆ ಬೊಂಬೆಯ ಕೊಲೆಗೆ ಪಂಚನಾಮೆ ಬರೆದು ಪಾಸಾಗುತ್ತಾರೆ. ಅಲ್ಲಿ ಮೇಷ್ಟ್ರೊಬ್ಬರು ಪಾಠ ಮಾಡುತ್ತಿದ್ದರು. ಮೆಲುದನಿ. ಹಿಂದಿನ ಸಾಲಿನವರು ಕಿವಿಗೆ ಕೈ ಅಡ್ಡ ಕೊಟ್ಟು ಕೇಳುತ್ತಿದ್ದರು. ಅವರಿಗೆ ಪಿಸುಮೇಷ್ಟ್ರು ಎಂದೇ ಅಡ್ಡಹೆಸರು.

ನಿರ್ದೇಶಕಿ ಕುರ್ಚಿಯಿಂದ ಏಳಲಿಲ್ಲ.

“ನಮ್ಮಲ್ಲಿ ತಪ್ಪಾಗಲ್ಲ ಇನ್ಸ್‌ಪೆಕ್ಟ್ರೇ. ಬಂದ ಕಡ್ಡಿ ಹೆಂಗಸಿನದು, ಆದರೆ ಸತ್ತವನ ತಾಯಿಯದಲ್ಲ. ನಮ್ಮ ಸಿಬ್ಬಂದಿಯದು ಯಾರದೂ ಅಲ್ಲ, ಅದನ್ನೂ ನೋಡಿದ್ದೇವೆ. ಇಲ್ಲಿ ಕೆಲಸ ಮಾಡೋ ಪ್ರತಿಯೊಬ್ಬರ ಡಿಎನ್‌ಎ ನಮ್ಮ ಹತ್ತಿರ ಇದೆ, ಅಪ್ಪಿತಪ್ಪಿ ಬೆರೆತರೆ ಗೊತ್ತಾಗಲಿ ಅಂತ. ಮೊದಲು ನಿಮ್ಮ ಠಾಣೆಯವರಿಗೆ ಬುದ್ಧಿ ಹೇಳಿ.”

“ಯಾವುದರ ಬಗ್ಗೆ?”

“ಎಂಜಲಿನ ಬಗ್ಗೆ! ಎಷ್ಟು ಪತ್ರ ಬರೀಬೇಕು? ನಿಮ್ಮಿಂದ ಬರೋ ಪ್ರತಿಯೊಂದು ಲಕೋಟೆ ಮೇಲೂ ಒಬ್ಬನೇ ಮಹಾನುಭಾವನ ಎಂಜಲು. ಡಿಎನ್‌ಎ ಕೇಂದ್ರಕ್ಕೆ ಕಳಿಸೋ ಲಕೋಟೆನ ನೆಕ್ಕಿ ಅಂಟಿಸ್ತಾರಾ ಯಾರಾದ್ರೂ? ನಮ್ಮ ಮೊದಲ ವರ್ಷದ ಹುಡುಗಿಯರೂ ಒದ್ದೆ ಸ್ಪಂಜಲ್ಲಿ ಅಂಟಿಸ್ತಾರೆ. ಕೊನೆಗೆ ನಾವೇ ಸೋತು ಅವನ ಡಿಎನ್‌ಎನೂ ಪಟ್ಟಿಗೆ ಸೇರಿಸ್ಕೊಂಡಿದ್ದೀವಿ.”

ಬಾಗಿಲ ಬಳಿ ನಿಂತಿದ್ದ ಗೋಂದಣ್ಣ ನೆಲ ನೋಡತೊಡಗಿದ. ಇನ್ಸ್‌ಪೆಕ್ಟರ್‌ಗೂ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಕ್ಷಮೆ ಕೇಳಿ ಎದ್ದುಬಿಡೋಣ ಎಂದು ಟೋಪಿಗೆ ಕೈ ಹಾಕಿದವನು ಹಾಗೇ ಕೂತ.

“ಪ್ರತಿಯೊಂದು ಅಂದ್ರಾ ಮೇಡಂ?”

“ಒಂದೂ ಬಿಡದೆ.”

“ಹಾಗಾದ್ರೆ ಆಯಮ್ಮನ ಲಕೋಟೆ ಮೇಲೂ ಇರಬೇಕು.”

ನಿರ್ದೇಶಕಿ ಮೇಜಿನ ಮೇಲಿದ್ದ ಕಡತವನ್ನು ಹತ್ತಿರಕ್ಕೆ ಎಳೆದುಕೊಂಡರು.

“ಖಾಲಿ ಲಕೋಟೆ ಇಟ್ಟಿರ್ತೀರಾ?”

“ಇಟ್ಟಿರ್ತೀವಿ. ನಾವು ಅಂಟಿಸಿದ ಕಡೆ ಬಿಡಿಸಲ್ಲ, ಇನ್ನೊಂದು ತುದಿ ಕತ್ತರಿಸ್ತೀವಿ.”

“ಬೇರೆ ಊರಿನ ಪ್ರಯೋಗಾಲಯಕ್ಕೆ ಕಳಿಸ್ತೀನಿ. ಈಗಲೇ ಪಂಚನಾಮೆ ಮಾಡಿ ಕೊಡಿ.”

ಪಂಚರಾಗಿ ಗ್ರಂಥಾಲಯದ ಗುಮಾಸ್ತ ಮತ್ತು ಕ್ಯಾಂಟೀನಿನ ಯಜಮಾನ ಬಂದರು. ದಾಸ್ತಾನು ಕೋಣೆಯ ಬೀಗದ ಕೈ ಇದ್ದದ್ದು ಪಿಸುಮೇಷ್ಟ್ರ ಹತ್ತಿರ. ಅವರು ಕೈಗವಸು ಹಾಕಿ, ಆ ಪ್ರಕರಣದ ಒಳಲಕೋಟೆಯನ್ನೂ ಠಾಣೆಯಿಂದ ಹಿಂದೆ ಬಂದಿದ್ದ ಬೇರೆ ಪ್ರಕರಣಗಳ ಕೆಲವು ಲಕೋಟೆಗಳನ್ನೂ ತೆಗೆದುಕೊಟ್ಟರು. ಲಕೋಟೆಗಳು ಕೇಂದ್ರವೇ ಠಾಣೆಗಳಿಗೆ ಹಂಚುವಂಥವು, ಮೇಲೆ ಪ್ರಕರಣದ ಸಂಖ್ಯೆ ಬಿಟ್ಟು ಬೇರೇನೂ ಇಲ್ಲ. ಅಂಕಿ ಯಾರು ಬರೆದರೂ ಅಂಕಿಯೇ. ಎಲ್ಲವನ್ನೂ ಹೊಸ ಲಕೋಟೆಗೆ ಹಾಕಿ, ಮೇಷ್ಟ್ರು ಒದ್ದೆ ಸ್ಪಂಜು ಸವರಿ ನೀಟಾಗಿ ಅಂಟಿಸಿದರು.

“ಏನು ನೋಡೋಕೆ ಸಾರ್ ಇವು?” ಎಂದು ಕೇಳಿದರು, ಕೇಳಿಸಿತೋ ಇಲ್ಲವೋ ಎಂಬಂತೆ.

“ಎಂಜಲು,” ಎಂದ ಇನ್ಸ್‌ಪೆಕ್ಟರ್.

ಮೇಷ್ಟ್ರು ಸ್ಪಂಜನ್ನು ಬಟ್ಟಲಿನಲ್ಲಿಟ್ಟರು. ಅದು ಜಾರಿ ನೆಲಕ್ಕೆ ಬಿತ್ತು. ಬಗ್ಗಿ ಎತ್ತಿಕೊಳ್ಳಲು ತುಸು ಹೆಚ್ಚೇ ಹೊತ್ತು ಹಿಡಿಯಿತು. ಸುಸ್ತಾದ ಮನುಷ್ಯ ಎಂದುಕೊಂಡ ಇನ್ಸ್‌ಪೆಕ್ಟರ್, ಅಷ್ಟೇ.

ಗುರುವಾರ ಮಧ್ಯಾಹ್ನ ಎರಡಕ್ಕೆ ಪಕ್ಕದ ಊರಿನ ಪ್ರಯೋಗಾಲಯದಿಂದ ಫೋನು ಬಂತು. ಬೇರೆ ಪ್ರಕರಣಗಳ ಲಕೋಟೆಗಳೆಲ್ಲದರ ಅಂಟಿನಲ್ಲೂ ಎಂಜಲಿದೆ. ದರ್ಜಿಯಮ್ಮನದರಲ್ಲಿ ಹನಿಯಷ್ಟೂ ಇಲ್ಲ, ಬರೀ ನೀರಿನಲ್ಲಿ ಅಂಟಿಸಿದ್ದಾರೆ.

ಗೋಂದಣ್ಣ ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತ. “ಅಂದ್ರೆ ಆ ಲಕೋಟೆ ನಂದಲ್ಲ ಸಾರ್!”

“ನಿನ್ನದಲ್ಲ. ನಿನ್ನ ನಾಲಿಗೆ ನಿನ್ನ ಪೆನ್ಷನ್ ಉಳಿಸ್ತು ಕಣಯ್ಯಾ. ಇನ್ಮೇಲಾದ್ರೂ ನೆಕ್ಕೋದು ಬಿಡು.”

ಖುಷಿಪಡಲು ಪುರಸೊತ್ತಿರಲಿಲ್ಲ. ಅರಗಿನ ಸೀಲು ಒಡೆದ ಮೇಲೆ, ಕೇಂದ್ರದ ಒಳಗೇ, ಸ್ಪಂಜಿನಲ್ಲಿ ಅಂಟಿಸುವ ಅಭ್ಯಾಸವಿದ್ದ ಯಾರೋ ಲಕೋಟೆ ಬದಲಿಸಿದ್ದಾರೆ. ಅಲ್ಲಿ ಎಲ್ಲರಿಗೂ ಅದೇ ಅಭ್ಯಾಸ. ನಾಳೆ ಹತ್ತಕ್ಕೆ ಗಾಡಿ ಬರುತ್ತದೆ. ದರ್ಜಿಯಮ್ಮ ಬೆಳಿಗ್ಗೆಯಿಂದ ಶವಾಗಾರದ ಗೇಟಿನ ಬಳಿ ಕೂತಿದ್ದಾಳೆ, ಎಬ್ಬಿಸಿದರೂ ಏಳುತ್ತಿಲ್ಲ ಎಂದು ಅಲ್ಲಿಂದ ಎರಡು ಸಲ ಫೋನು ಬಂದಿತ್ತು.

ಮೂರೂಕಾಲಕ್ಕೆ ಇನ್ಸ್‌ಪೆಕ್ಟರ್ ನಿರ್ದೇಶಕಿಯ ಎದುರಿಗಿದ್ದ. ಈ ಸಲ ಅವರು ಎದ್ದು ನಿಂತಿದ್ದರು.

“ಆ ಸುಳ್ಳು ಕಡ್ಡಿ ಯಾರದು ಮೇಡಂ?”

“ಹೇಳಿದೆನಲ್ಲ, ನಮ್ಮ ಪಟ್ಟಿಯಲ್ಲಿ ಯಾರಿಗೂ ಹೊಂದಲ್ಲ. ವಿದ್ಯಾರ್ಥಿಗಳದ್ದೂ ನೋಡಿಯಾಯ್ತು.”

“ಯಾರದೂ ಅಲ್ಲ ಅಂದ್ರೆ ಆಕಾಶದಿಂದ ಉದುರ್ತಾ?” ಇನ್ಸ್‌ಪೆಕ್ಟರ್‌ನ ತಾಳ್ಮೆ ತಳ ಕಂಡಿತ್ತು. “ನಿಮ್ಮದು ಒಳ್ಳೇ ಕತೆ. ನಮ್ಮಲ್ಲಿ ಒಬ್ಬ ತಲೆ ತಪ್ಪಿಸ್ಕೊಂಡ ಅಂದ್ರೆ, ಅವನು ಸಿಗದೇ ಇದ್ರೆ ನೆಟ್ಟಗೆ ಅವನ ಅಮ್ಮನ ಮನೆ ಮುಂದೆ ಹೋಗಿ ನಿಲ್ತೀವಿ. ನೀವು ಅವನಿಲ್ಲ ಅಂತ ಬಾಗಿಲು ಹಾಕ್ಕೊಂಡು ಬಂದ್ಬಿಟ್ರಿ!”

ಹೊಟ್ಟೆಯುರಿಗೆ ಆಡಿದ ಮಾತು ಅದು. ಆದರೆ ಮೌಸಿನ ಮೇಲಿದ್ದ ನಿರ್ದೇಶಕಿಯ ಕೈ ನಿಂತಿತು.

“ಅಮ್ಮನ ಮನೆ,” ಎಂದರು ತಮ್ಮಷ್ಟಕ್ಕೆ. “ಕಡ್ಡಿ ನಮ್ಮವರದೇನಾ ಅಂತ ಮಾತ್ರ ನೋಡಿದ್ವಿ. ನಮ್ಮವರ ತಾಯಿದಾ ಅಂತ ನೋಡಲೇ ಇಲ್ಲ.”

ತಾಯಿಯ ಡಿಎನ್‌ಎಯ ಅರ್ಧ ಮಕ್ಕಳಲ್ಲಿ ಇದ್ದೇ ಇರುತ್ತದೆ. ಇಡೀ ಕಟ್ಟಡ ನಡೆಯುತ್ತಿದ್ದದ್ದೇ ಆ ಒಂದು ಮಾತಿನ ಮೇಲೆ. ನಿರ್ದೇಶಕಿ ಪಟ್ಟಿಯನ್ನು ಇನ್ನೊಮ್ಮೆ ಓಡಿಸಿದರು. ಒಂದು ಸಾಲು ನಿಂತಿತು. ಅವರು ಪರದೆಯನ್ನು ಇನ್ಸ್‌ಪೆಕ್ಟರ್ ಕಡೆ ತಿರುಗಿಸಿದರು.

“ನಮ್ಮ ಮೇಷ್ಟ್ರು,” ಎಂದರು. “ಆದರೆ ಅವರ ತಾಯಿ ತೀರಿಕೊಂಡು ಬಹಳ ದಿನ ಆಯ್ತಲ್ಲ!”

ಪಿಸುಮೇಷ್ಟ್ರು ಸುಳ್ಳುಮನೆಯಲ್ಲಿ ಒಬ್ಬರೇ ಇದ್ದರು. ಮುಂದಿನ ತರಗತಿಗೆ ಬೊಂಬೆಯ ಅಂಗಿ ಸರಿ ಮಾಡುತ್ತಿದ್ದರು. ಇನ್ಸ್‌ಪೆಕ್ಟರ್ ಸೋಫಾದ ಮೇಲೆ ಕೂತ.

“ಲಕೋಟೆ ಬದಲಾಯಿಸಿದ್ದು ನೀವಾ?”

“ಹೌದು.”

“ಒಳಗಿದ್ದ ಕಡ್ಡಿ?”

“ನನ್ನ ಅಮ್ಮನದು.”

“ಎಲ್ಲಿಂದ ಬಂತು?”

“ನನ್ನ ತಮ್ಮ ಕಾಣೆಯಾಗಿದ್ದ ಸಾರ್. ಕೆಲವು ವರ್ಷ. ಆಮೇಲೆ ದೂರದಲ್ಲೆಲ್ಲೋ ಮೂಳೆ ಸಿಕ್ಕಿತು. ಅಮ್ಮನ ಕೆನ್ನೆಯಿಂದ ನಾನೇ ಎರಡು ಕಡ್ಡಿ ತೆಗೆದೆ. ಸ್ವಂತದವರ ಕೇಸು ಇಲ್ಲಿ ಮಾಡೋ ಹಾಗಿಲ್ಲ, ಒಂದನ್ನ ಬೇರೆ ಕಡೆ ಕಳಿಸಿದ್ವಿ. ಇನ್ನೊಂದು ಉಳೀತು. ಅಮ್ಮ ಹೋದ ಮೇಲೆ ಅದನ್ನ ಎಸೆಯೋಕೆ ಕೈ ಬರಲಿಲ್ಲ.”

“ಯಾರಾದ್ರೂ ಹೇಳಿ ಮಾಡಿಸಿದ್ರಾ?”

“ಇಲ್ಲ.”

“ಮತ್ಯಾಕ್ರೀ ಮಾಡಿದ್ರಿ?” ಇನ್ಸ್‌ಪೆಕ್ಟರ್‌ನ ದನಿ ಏರಿತು. ಸೋಮವಾರದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಪ್ರಶ್ನೆ ಅದು. “ಯಾವ ಸೌಭಾಗ್ಯಕ್ಕೆ?”

ಮೇಷ್ಟ್ರು ಬೊಂಬೆಯ ಕಾಲರ್ ಮಡಚಿದರು.

“ತಮ್ಮ ಸಿಗೋವರೆಗೂ ಅಮ್ಮ ಚೆನ್ನಾಗಿದ್ರು ಸಾರ್. ಭಾನುವಾರ ಬಂದ್ರೆ ಅವನ ಸೈಕಲ್ ಚೈನಿಗೆ ಎಣ್ಣೆ ಬಿಡೋರು. ಬಂದವನೇ ಹತ್ತಿ ಹೊರಟ್ಬಿಡ್ತಾನೆ, ತುಕ್ಕು ಹಿಡಿಯಬಾರದು ಅನ್ನೋರು. ವರದಿ ಬಂತು. ಅವನೇ ಅಂತ. ಓದಿ ಹೇಳಿದ್ದೂ ನಾನೇ. ಅವತ್ತು ಮಲಗಿದೋರು ಏಳಲೇ ಇಲ್ಲ. ಊಟ ಬಿಟ್ಟರು, ಮಾತು ಬಿಟ್ಟರು, ಆಮೇಲೆ ಜೀವಾನೂ ಬಿಟ್ಟರು.”

“ಅದಕ್ಕೂ ಇದಕ್ಕೂ ಏನು ಸಂಬಂಧ?”

“ಈ ದರ್ಜಿಯಮ್ಮ ಇಲ್ಲಿಗೆ ಬಂದಿದ್ರು. ನೀರು ಕೊಟ್ಟು ಕೂರಿಸಿದೆ. ಹೊರಡುವಾಗ ನನ್ನ ಕೈ ಹಿಡ್ಕೊಂಡು ಅಂದ್ರು: ಆ ಚೀಟಿ ಒಂದು ಬಂದುಬಿಟ್ರೆ ನಾನು ಮಲಗಿಬಿಡ್ತೀನಿ ಮೇಷ್ಟ್ರೇ ಅಂತ. ನನಗೆ ಅಮ್ಮ ಮಲಗಿದ್ದೇ ನೆನಪಾಯ್ತು. ಇನ್ನೊಂದು ಮನೇಲಿ ಇನ್ನೊಬ್ಬ ಅಮ್ಮ ಮಲಗೋದು ಬೇಡ ಅನ್ನಿಸ್ತು. ‘ಅವನಲ್ಲ’ ಅಂದ್ರೆ ಕಾಯ್ತಾ ಆದ್ರೂ ಇರ್ತಾರೆ. ಕಾಯೋರು ಬದುಕಿರ್ತಾರೆ ಸಾರ್.”

ಇನ್ಸ್‌ಪೆಕ್ಟರ್‌ಗೆ ಬಯ್ಯಬೇಕೆನಿಸಿತು. ಬದಲಿಗೆ ಸೋಫಾದಿಂದ ಎದ್ದ.

“ಆಯಮ್ಮನ ನಿಜವಾದ ಕಡ್ಡಿ ಏನು ಮಾಡಿದ್ರಿ? ಸುಟ್ರಾ?”

ಮೇಷ್ಟ್ರು ಮೊದಲ ಸಲ ಜೋರಾಗಿ ಮಾತಾಡಿದರು. “ಸಾಕ್ಷ್ಯ ಸುಡ್ತಾರಾ ಯಾರಾದ್ರೂ?”

ಅವರ ಮೇಜಿನ ಕೆಳಖಾನೆಯಲ್ಲಿ, ಅಮ್ಮನ ಕಡ್ಡಿ ಇದ್ದ ಜಾಗದಲ್ಲೇ ಅದಿತ್ತು. ಬಿಡಿಸಲು ಹೋಗಿ ಅಂಚು ಹರಿದಿದ್ದ ಲಕೋಟೆ, ಒಳಗೆ ಒಣಗಿದ ಹತ್ತಿಕಡ್ಡಿ, ತೇವ ಹೀರುವ ಪೊಟ್ಟಣ. ಸಂಜೆ ಐದಕ್ಕೆ ಪಂಚರ ಸಮಕ್ಷಮ ಜಪ್ತಿಯಾಯಿತು. ಲಕೋಟೆ ಕಂಡ ಕೂಡಲೇ ಗೋಂದಣ್ಣ, “ಇದು ನಂದು ಸಾರ್, ನೋಡಿ ಅಂಟು ಹೆಂಗೆ ಸೊಟ್ಟಗಿದೆ!” ಎಂದು ಕೂಗಿಕೊಂಡ. ಮಗುವನ್ನು ಗುರುತಿಸಿದವನ ಸಂಭ್ರಮ. ಮೇಷ್ಟ್ರ ಬಂಧನವಾಯಿತು. ಜೀಪು ಹತ್ತುವ ಮುನ್ನ ಅವರು ನಿರ್ದೇಶಕಿಯತ್ತ ತಿರುಗಿ, “ಇದನ್ನ ನೀವೇ ಮಾಡಿ ಮೇಡಂ, ಬೇರೆಯವರಿಗೆ ಕೊಡಬೇಡಿ,” ಎಂದರು. ತಪ್ಪು ಮಾಡಿದವನು ಕೆಲಸ ಹೇಳಿಕೊಡುತ್ತಿದ್ದಾನೆ! ಆದರೆ ನಿರ್ದೇಶಕಿ ತಲೆಯಾಡಿಸಿದರು.

ಮರುಪರೀಕ್ಷೆಗಲ್ಲವೇ ಆದೇಶ ಬೇಕಾದದ್ದು. ಈ ಕಡ್ಡಿಯ ಪರೀಕ್ಷೆ ಒಮ್ಮೆಯೂ ಆಗಿರಲಿಲ್ಲ. ಹಾಗೆಂದು ನಿರ್ದೇಶಕಿಯೇ ಟಿಪ್ಪಣಿ ಬರೆದು, ಯಂತ್ರಕ್ಕೆ ಹಾಕಿದರು.

ಶುಕ್ರವಾರ ಒಂಬತ್ತಕ್ಕೆ ವರದಿ ಠಾಣೆಗೆ ಬಂತು. ಲಕೋಟೆಯ ಅಂಟಿನಲ್ಲಿ ಗೋಂದಣ್ಣ, ಕಡ್ಡಿಯಲ್ಲಿ ದರ್ಜಿಯಮ್ಮ. ಮೂಳೆಗಳು ಆಕೆಯ ಮಗನವೇ.

ಶವ ಪಡೆಯಲು ಸಹಿ ಬೇಕಿತ್ತು, ಆಕೆಯನ್ನು ಠಾಣೆಗೆ ಕರೆಸಿದರು. ಕೊರಳಲ್ಲಿ ಅದೇ ಟೇಪು. ಎದುರು ಗೋಡೆಯ ಬೆಂಚಿನ ಮೇಲೆ ಮೇಷ್ಟ್ರು ಕೂತಿದ್ದರು, ಪಕ್ಕದಲ್ಲಿ ಕಾನ್‌ಸ್ಟೇಬಲ್. ಹನ್ನೊಂದಕ್ಕೆ ಅವರನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕಿತ್ತು. ಇನ್ಸ್‌ಪೆಕ್ಟರ್ ನಡೆದದ್ದನ್ನು ಆಕೆಗೆ ಹೇಳಿದ. ಆಕೆ ಮೇಷ್ಟ್ರ ಕಡೆ ಒಮ್ಮೆ ನೋಡಿದಳು. ಬಯ್ಯುತ್ತಾಳೆ, ಶಾಪ ಹಾಕುತ್ತಾಳೆ ಎಂದುಕೊಂಡು ಎಲ್ಲರೂ ಮೈ ಬಿಗಿಹಿಡಿದರು.

“ನನ್ನ ಮಗ ನನ್ನವನಲ್ಲ ಅಂತ ಬರೆಸಿದ್ರಲ್ಲ ಮೇಷ್ಟ್ರೇ,” ಎಂದಳು, ಅಷ್ಟೇ. ಆಮೇಲೆ ಇನ್ಸ್‌ಪೆಕ್ಟರ್ ಕಡೆ ತಿರುಗಿ, “ಇವನೇ ಅಂತ ಆಯ್ತಲ್ಲ ಸಾರ್? ಇನ್ನು ಬದಲಾಗಲ್ಲ ತಾನೆ?”

“ಬದಲಾಗಲ್ಲಮ್ಮಾ.”

“ಗಾಡಿ ಬರೋಕೆ ಇನ್ನೂ ಹೊತ್ತಿದೆಯಾ?”

“ಅರ್ಧ ಗಂಟೆ ಆಗುತ್ತೆ, ಶವಾಗಾರಕ್ಕೆ ಹೋಗ್ತಾ ಇಲ್ಲಿಂದ ನಿಮ್ಮನ್ನೂ ಹತ್ತಿಸ್ಕೊಳ್ಳುತ್ತೆ. ಕೂತ್ಕೊಳ್ಳಿ.”

ಆಕೆ ಬೆಂಚಿನ ತುದಿಯಲ್ಲಿ ಕೂತು ಗೋಡೆಗೆ ತಲೆಯಾನಿಸಿದಳು. ಇನ್ಸ್‌ಪೆಕ್ಟರ್ ಕಾಗದಗಳಿಗೆ ಮೊಹರು ಹಾಕಿಸಿಕೊಂಡು ಬರುವಷ್ಟರಲ್ಲಿ ಠಾಣೆ ಸದ್ದಡಗಿತ್ತು. ದರ್ಜಿಯಮ್ಮ ನಿದ್ದೆ ಹೋಗಿದ್ದಳು. ಬಾಯಿ ತುಸು ತೆರೆದಿತ್ತು, ಕೈಗಳು ಮಡಿಲಲ್ಲಿ ಸಡಿಲವಾಗಿ ಬಿದ್ದಿದ್ದವು. ಹೊರಗೆ ಗೇಟು ಕಿರ್ ಎಂದಿತು. ರೆಪ್ಪೆ ಅಲುಗಲಿಲ್ಲ.

ಮೇಷ್ಟ್ರು ಆಕೆಯನ್ನೇ ನೋಡುತ್ತಿದ್ದರು.

“ಸಾರ್,” ಎಂದರು, ಎಂದಿಗಿಂತ ಮೆಲ್ಲಗೆ. “ಮಲಗ್ತೀನಿ ಅಂದಿದ್ದು... ಇದನ್ನಾ?”

ಇನ್ಸ್‌ಪೆಕ್ಟರ್ ಕಾಗದಗಳನ್ನು ಮಡಚಿ ಜೇಬಿಗಿಟ್ಟ. ಅವನಿಗೆ ಈ ಮನುಷ್ಯನ ಮೇಲೆ ಕೆಟ್ಟ ಸಿಟ್ಟಿತ್ತು, ಅದರ ಜೊತೆಗೇ ಮರುಕವೂ. ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. ಡ್ರೈವರ್ ಹಾರನ್ ಒತ್ತುವ ಮೊದಲೇ ಇನ್ಸ್‌ಪೆಕ್ಟರ್ ಬೂಟಿನ ಸದ್ದಾಗದಂತೆ ಬಾಗಿಲಿಗೆ ಹೋಗಿ, ಸ್ವಲ್ಪ ಕಾಯಯ್ಯಾ ಎಂದು ಕೈಸನ್ನೆ ಮಾಡಿದ.